ಜೀರ್ಣೋದ್ಧಾರದಲ್ಲಿ ಔಚಿತ್ಯ

ಕನ್ನಡ ಪಾಠ ಹೇಳುವವನಿಗೆ ಗಾರೆ ಕೆಲಸದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮನೆ ಕಟ್ಟಿದವನಲ್ಲ ನಾನು, ಕಟ್ಟಿಸಿದವನೂ ಅಲ್ಲ. ಬಾಡಿಗೆಯ ಮನೆಯಲ್ಲಿದ್ದುಕೊಂಡು, ನೂರು ವರ್ಷ ದಾಟಿದ ಕಾಲೇಜು ಕಟ್ಟಡವೊಂದರಲ್ಲಿ ಇಪ್ಪತ್ತು ವರ್ಷದಿಂದ ಪಂಪ ರನ್ನರ ಪಾಠ ಹೇಳಿಕೊಂಡು ಬಂದವನು. ಆದರೂ ಈ ವಿಷಯದಲ್ಲಿ ಎರಡು ಮಾತು ಆಡುವ ಹಕ್ಕು ನನಗಿದೆಯೆಂದು ತಿಳಿದಿದ್ದೇನೆ. ಹಳೆಯ ಕಟ್ಟಡದ ಜೀರ್ಣೋದ್ಧಾರ ಎಂಬುದು ಹಳೆಯ ಗ್ರಂಥದ ಸಂಪಾದನೆಗೆ ತೀರ ಹತ್ತಿರದ ನಂಟ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟು ಗೌರವದ್ದಲ್ಲ. ಆರು ವರ್ಷದ ಕೆಳಗೆ ನಮ್ಮ ಕಾಲೇಜಿನ ಸಭಾಂಗಣವನ್ನು ಕೆಡಿಸಿದ ಕಾಗದಕ್ಕೆ ರುಜು ಹಾಕಿದ ಐವರಲ್ಲಿ ನಾನೂ ಒಬ್ಬ. ಬರುವ ತಿಂಗಳು ಅದೇ ಸಮಿತಿಯ ಮುಂದೆ ಪುಸ್ತಕ ಭಂಡಾರದ ಸರದಿ ಬರುತ್ತದೆ. ಅದಕ್ಕೆ ಮೊದಲು ನನ್ನ ತಪ್ಪನ್ನು ನಾನೇ ವಿಮರ್ಶೆ ಮಾಡಿಕೊಳ್ಳುವುದು ಒಳ್ಳೆಯದೆಂದು ತೋರಿತು.

ಹಳೆಯ ಕಟ್ಟಡಗಳ ಬಗ್ಗೆ ಈಗ ಎರಡು ಪಕ್ಷಗಳಿವೆ. ಒಂದು ಮಡಿವಂತರ ಪಕ್ಷ. ಇವರಿಗೆ ಹಳೆಯ ಗೋಡೆಗೆ ಮೊಳೆ ಹೊಡೆದರೂ ಅಪಚಾರ. ಇನ್ನೊಂದು ಸುಧಾರಕರ ಪಕ್ಷ. ಇವರ ಮಾತಿನಲ್ಲಿ ಹಳೆಯ ಕಟ್ಟಡ ಎಂದರೆ ವಿದ್ಯುತ್ತನ್ನು ನುಂಗುವ ಬಕಾಸುರ. ಹೊರಗಿನ ಮುಖವನ್ನಷ್ಟು ಉಳಿಸಿ ಒಳಗೆಲ್ಲ ಹೊಸದು ಮಾಡಿದರೆ ಪರಂಪರೆಯೂ ಉಳಿಯಿತು, ಕರೆಂಟೂ ಉಳಿಯಿತು. ಈ ಎರಡು ಪಕ್ಷಗಳಿಗೂ ಒಂದು ಸಮಾನವಾದ ತಪ್ಪು ತಿಳಿವಳಿಕೆಯಿದೆ. ಸೌಂದರ್ಯ ಬೇರೆ, ಉಪಯೋಗ ಬೇರೆ ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರು ಸೌಂದರ್ಯವನ್ನು ಕಾಯುತ್ತಾರೆ, ಮತ್ತೊಬ್ಬರು ಉಪಯೋಗವನ್ನು. ಕಟ್ಟಡ ಮಾತ್ರ ಇಬ್ಬರ ಕೈಯಲ್ಲೂ ಸೊರಗುತ್ತದೆ. ಮಡಿವಂತರೂ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲಾರರು. 1892ರಲ್ಲಿ ಕಟ್ಟಿದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಮುಟ್ಟದೆ ಬಿಟ್ಟ ಕಟ್ಟಡ ತಾನಾಗಿ ಉಳಿಯುವುದಿಲ್ಲ. ಓಲೆಗರಿಯನ್ನು ಪೂಜೆಯ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಾಕಿ ಗೆದ್ದಲಿಗೆ ಒಪ್ಪಿಸಿದ ಮನೆತನಗಳನ್ನು ನಾವು ಬಲ್ಲೆವಷ್ಟೆ!

ಈ ಜಗಳ ಸಾಹಿತ್ಯದವರಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಇದನ್ನು ಮೊದಲು ಎತ್ತಿದವರಲ್ಲಿ ಮುಖ್ಯರಾದವರು ಲೇಖಕರೇ. ಜಾನ್ ರಸ್ಕಿನ್ 1849ರಲ್ಲಿ ವಾಸ್ತುಶಿಲ್ಪವನ್ನು ಕುರಿತು ಬರೆದ ಗ್ರಂಥದಲ್ಲಿ, ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ನಡೆಯುವುದು ನಾಶದ ಇನ್ನೊಂದು ರೂಪವೆಂದು ಖಂಡಿಸಿದ. ಕವಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘವನ್ನೇ ಕಟ್ಟಿದ. ಹಳೆಯ ಇಗರ್ಜಿಗಳ ಗೋಡೆಯ ಗಾರೆಯನ್ನು ಕೆರೆದು ತೆಗೆದು ‘ಶುದ್ಧ’ ಮಾಡುತ್ತಿದ್ದವರ ಮೇಲೆ ಅವನಿಗೆ ಸಿಟ್ಟು. ಕಾದಂಬರಿಕಾರ ಥಾಮಸ್ ಹಾರ್ಡಿಯ ಕಥೆ ನನ್ನ ಮನಸ್ಸಿಗೆ ಇನ್ನೂ ಹತ್ತಿರ. ಅವನು ಮೊದಲು ವಾಸ್ತುಶಿಲ್ಪಿಯಾಗಿ ತರಬೇತಿ ಹೊಂದಿದವನು. ತಾರುಣ್ಯದಲ್ಲಿ ಇಗರ್ಜಿಗಳ ಜೀರ್ಣೋದ್ಧಾರದ ಕೆಲಸ ಮಾಡಿದವನು. ಅಂಥದೊಂದು ಕೆಲಸಕ್ಕಾಗಿ 1870ರಲ್ಲಿ ಹೋದ ಊರಿನಲ್ಲೇ ಮುಂದೆ ತನ್ನ ಹೆಂಡತಿಯಾದವಳನ್ನು ಕಂಡವನು. ಮುಪ್ಪಿನಲ್ಲಿ, 1906ರಲ್ಲಿ, ಮಾರಿಸನ ಸಂಘಕ್ಕೆ ಬರೆದ ಪ್ರಬಂಧದಲ್ಲಿ ಆ ಕಾಲದ ಜೀರ್ಣೋದ್ಧಾರಗಳಿಂದಾದ ಹಾನಿಯನ್ನು ನೆನೆದು ಪಶ್ಚಾತ್ತಾಪಪಟ್ಟ. ತಾನು ಮಾಡಿದ ತಪ್ಪನ್ನು ಬರೆದು ಒಪ್ಪಿಕೊಂಡ ಆ ದೊಡ್ಡವನ ಹೆಸರು ಹೇಳಿಕೊಂಡು ನನ್ನ ಸಣ್ಣ ತಪ್ಪಿಗೆ ಬರುತ್ತೇನೆ.

ನಮ್ಮ ಕಾಲೇಜು ಮೈಸೂರು ಸೀಮೆಯ ಒಂದು ಊರಿನಲ್ಲಿದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ನಮ್ಮ ಸಭಾಂಗಣವನ್ನು ಕಟ್ಟುವಾಗ ಊರಿನಲ್ಲಿ ವಿದ್ಯುತ್ತು ಇರಲಿಲ್ಲ. ಆದ್ದರಿಂದ ನೂರೈವತ್ತು ಜನ ಕೂಡುವ ಒಂದು ಜಾಗವನ್ನು ಯಾವ ಯಂತ್ರದ ಸಹಾಯವೂ ಇಲ್ಲದೆ ಬೇಸಗೆಯಲ್ಲಿ ಸಹ್ಯವಾಗಿಡುವುದು ಹೇಗೆಂಬ ಪ್ರಶ್ನೆಗೆ ಕಟ್ಟಿದವರು ಇಟ್ಟಿಗೆ, ಸುಣ್ಣ, ಮರಗಳಲ್ಲೇ ಉತ್ತರ ಹೇಳಬೇಕಾಗಿತ್ತು. ಹೇಳಿದರು.

ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಅದಕ್ಕೆ ಸುಣ್ಣದ ಗಾರೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಎಂಟಡಿ ಅಗಲದ ಕೈಸಾಲೆ. ಹದಿನೆಂಟಡಿ ಎತ್ತರದಲ್ಲಿ ಮದ್ರಾಸ್ ತಾರಸಿ: ತೇಗದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂಡಿಸಿ, ಅದರ ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟು ಬಡಿದು, ಮೇಲೆ ಚಪ್ಪಟೆ ಬಿಲ್ಲೆ ಹಾಸಿದ್ದು. ಕೆಳಗೆ ಮರದ ರೆಕ್ಕೆಯ ಉದ್ದನೆಯ ಕಿಟಕಿಗಳು. ಮೇಲೆ ಸೂರಿನ ಹತ್ತಿರ ಸಾಲಾಗಿ ಗಾಳಿಗಿಂಡಿಗಳು, ಅವಕ್ಕೆ ಹಗ್ಗ ಎಳೆದು ತೆರೆಯುವ ಬಾಗಿಲುಗಳು.

ಇದು ವರ್ಣನೆಯಾಯಿತು. ಇನ್ನು ಅರ್ಥ. ನಮ್ಮ ಸೀಮೆಯಲ್ಲಿ ಏಪ್ರಿಲ್ ತಿಂಗಳ ಹಗಲು 35 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ 21, 22ಕ್ಕೆ ಇಳಿಯುತ್ತದೆ. ದಪ್ಪ ಗೋಡೆಯ ಹೊರಮೈಗೆ ಮಧ್ಯಾಹ್ನ ಬಡಿದ ಬಿಸಿಲು ಒಳಮೈಗೆ ಬಂದು ತಲುಪಲು ಹತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಕಾಲೇಜಿನ ಬಾಗಿಲು ಹಾಕಿರುತ್ತದೆ, ಹೊರಗೆ ತಂಪು ಇಳಿದಿರುತ್ತದೆ. ನಾಲ್ಕೈದು ಅಂಗುಲದ ಈಗಿನ ಕಾಂಕ್ರೀಟು ತಾರಸಿಯಾದರೋ ಮೂರು ನಾಲ್ಕು ಗಂಟೆಯಲ್ಲೇ ಆ ಬಿಸಿಯನ್ನು ನಮ್ಮ ನೆತ್ತಿಗೆ ಒಪ್ಪಿಸುತ್ತದೆ. ರಾತ್ರಿ ಕಿಟಕಿ ಗಿಂಡಿಗಳನ್ನು ತೆರೆದಿಟ್ಟರೆ ತಣ್ಣನೆಯ ಗಾಳಿ ಒಳಗೆ ಆಡಿ ಗೋಡೆ ಸೇದಿಕೊಂಡ ಬಿಸಿಯನ್ನು ಕಳೆದು ಅದನ್ನು ಮರುದಿನಕ್ಕೆ ಸಿದ್ಧಮಾಡುತ್ತದೆ. ಹಗಲು ಜನ ಸೇರಿದಾಗ ಬಿಸಿಗಾಳಿ ಮೇಲಕ್ಕೆ ಏರಿ ಗಿಂಡಿಗಳಿಂದ ಹೊರಗೆ ಹೋಗುತ್ತದೆ. ಕೈಸಾಲೆ ಪಶ್ಚಿಮದ ಬಿಸಿಲು ಗೋಡೆಯನ್ನು ಮುಟ್ಟದಂತೆ ತಡೆಯುತ್ತದೆ. ಇನ್ನು ಸುಣ್ಣದ ಗಾರೆ ನೆಲದಿಂದ ಏರಿದ ತೇವವನ್ನೂ ಮಳೆಯಲ್ಲಿ ಹೀರಿದ ನೀರನ್ನೂ ಮೈಯಿಂದ ಆರಲು ಬಿಡುತ್ತದೆ. ಒದ್ದೆ ಗೋಡೆಗಿಂತ ಒಣಗೋಡೆಯಲ್ಲಿ ಬಿಸಿ ನಿಧಾನವಾಗಿ ಹಾಯುತ್ತದೆ. ಆದ್ದರಿಂದ ಗೋಡೆ ಒಣಗಿರುವುದೂ ತಂಪಿನ ಒಂದು ಉಪಾಯವೇ.

ಇಲ್ಲಿ ಅಲಂಕಾರಶಾಸ್ತ್ರದ ಒಂದು ಮಾತು ನೆನಪಾಗದೆ ಇರದು. ಕವಿಯಾದವನು ರಸದಲ್ಲಿ ಮಗ್ನನಾಗಿರುವಾಗ ಬೇರೊಂದು ಪ್ರಯತ್ನವಿಲ್ಲದೆ ತಾನಾಗಿ ಮೂಡಿಬಂದ ಅಲಂಕಾರವೇ ಧ್ವನಿಕಾವ್ಯಕ್ಕೆ ಸಲ್ಲುತ್ತದೆ ಎಂಬುದು ಆನಂದವರ್ಧನನ ಅಭಿಪ್ರಾಯ. ನಮ್ಮ ಸಭಾಂಗಣದ ತಂಪು ಅಂಥದು. ತಾರಸಿಯ ಭಾರವನ್ನು ಹೊತ್ತ ಗೋಡೆಯೇ ಬಿಸಿಯನ್ನು ತಡೆಯಿತು. ಹುಡುಗರು ಮಳೆಯಲ್ಲಿ ನಿಲ್ಲುವ ಕೈಸಾಲೆಯೇ ಗೋಡೆಗೆ ಕೊಡೆಯಾಯಿತು. ಗಂಭೀರವಾಗಿ ಕಾಣುವ ಎತ್ತರವೇ ಬಿಸಿಗಾಳಿಗೆ ದಾರಿಯಾಯಿತು. ಯಾವುದನ್ನು ನಾವು ಕಣ್ಣಿಗೆ ಚೆಂದವೆಂದು ಮೆಚ್ಚುತ್ತೇವೆಯೋ ಅದೇ ಮೈಗೆ ಹಿತವಾಗಿ ಕೆಲಸ ಮಾಡುತ್ತಿತ್ತು. ಸೌಂದರ್ಯ ಬೇರೆ, ಉಪಯೋಗ ಬೇರೆ ಎಂಬ ಎರಡು ಪಕ್ಷದವರ ನಂಬಿಕೆ ಈ ಗೋಡೆಯ ಮುಂದೆ ನಿಲ್ಲುವುದಿಲ್ಲ.

ಹೀಗಿದ್ದ ಸಭಾಂಗಣದಲ್ಲಿ ಕೆಲವು ವರ್ಷಗಳಿಂದ ಸೆಕೆ ಹೆಚ್ಚಾಯಿತು. ಹುಡುಗರು ಗೊಣಗಿದರು, ಅತಿಥಿಗಳು ಕರವಸ್ತ್ರದಿಂದ ಗಾಳಿ ಹಾಕಿಕೊಂಡರು. ಸಮಿತಿ ಸೇರಿತು. ಪರಂಪರೆಯನ್ನು ಉಳಿಸಿಕೊಂಡೇ ಆಧುನಿಕ ಸೌಕರ್ಯ ಒದಗಿಸುವುದಾಗಿ ಗುತ್ತಿಗೆದಾರರು ಬಣ್ಣದ ಚಿತ್ರ ತೋರಿಸಿದರು. ಚಿತ್ರ ಚೆನ್ನಾಗಿತ್ತು. ರುಜು ಹಾಕಿದೆವು.

ಸುಣ್ಣದ ಗಾರೆಯನ್ನು ಕೆತ್ತಿ ತೆಗೆದು ಸಿಮೆಂಟಿನ ಗಾರೆ ಮಾಡಿ, ಮೇಲೆ ಹೊಳೆಯುವ ಬಣ್ಣ ಬಳಿದರು. ಹನ್ನೊಂದಡಿ ಎತ್ತರದಲ್ಲಿ ಬಿಳಿಯ ಸುಳ್ಳು ಚಾವಣಿ ಕಟ್ಟಿದರು; ಗಾಳಿಗಿಂಡಿಗಳೆಲ್ಲ ಅದರ ಮೇಲೆ ಕತ್ತಲಲ್ಲಿ ಉಳಿದವು. ಮರದ ರೆಕ್ಕೆಗಳನ್ನು ಕಿತ್ತು ಅಲ್ಯೂಮಿನಿಯಂ ಚೌಕಟ್ಟಿನ ಜಾರುವ ಗಾಜು ಕೂಡಿಸಿದರು. ಜಾರುವ ಕಿಟಕಿ ಎಷ್ಟು ತೆರೆದರೂ ಅರ್ಧವೇ ತೆರೆಯುವುದೆಂದು ಆಮೇಲೆ ತಿಳಿಯಿತು. ಪಶ್ಚಿಮದ ಕೈಸಾಲೆಗೆ ಗಾಜು ಹಾಕಿ ಕಛೇರಿಯ ಕೊಠಡಿ ಮಾಡಿದರು. ಒಂದೂವರೆ ಟನ್ನಿನ ಎಂಟು ಏರ್ ಕಂಡಿಷನರ್‌ಗಳು ಬಂದವು. ಹೊರಗಡೆ ಮಾತ್ರ ಕಂಬಗಳಿಗೆ ಕೆನೆಬಣ್ಣ, ಕಮಾನಿಗೆ ಕೆಂಪು ಗೆರೆ, ಬಾಗಿಲಲ್ಲಿ ಹಿತ್ತಾಳೆಯ ಫಲಕ. ಉದ್ಘಾಟನೆಯ ದಿನ ಪರಂಪರೆಯ ಮೇಲೆ ಹತ್ತು ನಿಮಿಷ ಭಾಷಣ ಮಾಡಿದವನು ನಾನೇ.

ಲೆಕ್ಕ ಹೀಗಿದೆ. ಮೊದಲು ಅಲ್ಲಿದ್ದದ್ದು ಹದಿನಾರು ಹಳೆಯ ಫ್ಯಾನು. ಒಂದಕ್ಕೆ 75 ವಾಟಿನಂತೆ ಒಟ್ಟು 1,200 ವಾಟ್. ಈಗಿನ ಎಂಟು ಯಂತ್ರಗಳು, ಒಂದಕ್ಕೆ ಸುಮಾರು ಒಂದೂವರೆ ಕಿಲೋವಾಟಿನಂತೆ, ಪೂರ್ತಿ ಓಡುವಾಗ 12,000 ವಾಟ್. ವಿದ್ಯುತ್ತು ಉಳಿಸುವ ಸಂಕಲ್ಪದಿಂದ ಹೊರಟು ಹತ್ತು ಪಟ್ಟಿಗೆ ಬಂದು ನಿಂತೆವು. ಎರಡನೆಯ ಮಳೆಗಾಲಕ್ಕೆ ಸಿಮೆಂಟಿನ ಗಾರೆ ಗೋಡೆಯ ಬುಡದಲ್ಲಿ ಹೊಪ್ಪಳಿಸಿ ಎದ್ದಿತು. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಮೇಲಕ್ಕೆ ಏರಿ ಉಪ್ಪು ಹಿಡಿಯಿತು. ಕಳೆದ ಏಪ್ರಿಲ್ಲಿನಲ್ಲಿ ಒಂದು ಮಧ್ಯಾಹ್ನ ವಿಚಾರಗೋಷ್ಠಿ ನಡೆಯುತ್ತಿದ್ದಾಗ ಕರೆಂಟು ಹೋಯಿತು. ತೆರೆಯಲು ಗಿಂಡಿಯಿಲ್ಲ, ಕಿಟಕಿಯಲ್ಲಿ ಅರ್ಧ ಗಾಜು. ಇಪ್ಪತ್ತು ನಿಮಿಷದಲ್ಲಿ ಆ ಕೋಣೆ ಹಬೆಯ ಪಾತ್ರೆಯಾಯಿತು. ಎರಡನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ ತಲೆ ಸುತ್ತಿ ಬಿದ್ದಳು. ಅವಳನ್ನು ಎತ್ತಿಕೊಂಡು ಹೊರಗೆ ಬಂದು ಮಲಗಿಸಲು ನೋಡಿದರೆ ನೆರಳಿನ ಕೈಸಾಲೆ ಇರಲಿಲ್ಲ, ಅದು ಕಛೇರಿಯಾಗಿತ್ತು. ಬೇವಿನ ಮರದ ಕೆಳಗೆ ಮಲಗಿಸಿ ನೀರು ಚಿಮುಕಿಸಿದೆವು. ಹುಡುಗಿ ಸುಧಾರಿಸಿಕೊಂಡಳು. ನಾನು ಸುಧಾರಿಸಿಕೊಳ್ಳಲು ಬಹಳ ದಿನ ಬೇಕಾಯಿತು.

ಆ ದಿನ ಅಲ್ಲಿಗೆ ಪಿಂಚಣಿಯ ಕಾಗದಕ್ಕೆಂದು ನಮ್ಮ ಹಳೆಯ ಜವಾನರು ಬಂದಿದ್ದರು. ನಿವೃತ್ತರಾಗಿ ಹತ್ತು ವರ್ಷ ದಾಟಿತ್ತು. ಅವರು ಒಳಗೆ ಇಣುಕಿ ಚಾವಣಿಯನ್ನು ನೋಡಿ, “ಗಿಂಡಿ ಎಲ್ಲಾ ಮುಚ್ಚಿಬಿಟ್ರಾ ಸಾರ್?” ಎಂದರು.

“ಸೆಕೆ ಜಾಸ್ತಿಯಾಗಿತ್ತಲ್ಲ,” ಎಂದೆ.

“ಆಗದೆ ಏನು ಮಾಡ್ತದೆ ಸಾರ್? ದಿನಾ ಸಂಜೆ ದೀಪ ಹಚ್ಚೋ ಹೊತ್ತಿಗೆ ನಾನು ಹಗ್ಗ ಎಳೆದು ತೆಗೀತಿದ್ದೆ. ಬೆಳಿಗ್ಗೆ ಬಂದು ಬಿಸಿಲ ಕಡೇದು ಹಾಕ್ತಿದ್ದೆ. ಆ ಹಗ್ಗ ಲಡ್ಡಾಗಿ ಹೋಗಿತ್ತು. ಎರಡು ಸಲ ಇಂಡೆಂಟು ಬರೆಸಿದೆ. ಬರಲಿಲ್ಲ. ಆಮೇಲೆ ನಾನೂ ರಿಟೈರಾದೆ.”

ನಾನು ಮಾತಾಡಲಿಲ್ಲ. ಒಂದು ಹಗ್ಗಕ್ಕೆ ಇಂಡೆಂಟು ಮಂಜೂರಾಗದ ಕಾರಣದಿಂದ ಲಕ್ಷಗಟ್ಟಲೆ ರೂಪಾಯಿಯ ಜೀರ್ಣೋದ್ಧಾರ ನಡೆದಿತ್ತು! ಕಟ್ಟಡ ಕೆಟ್ಟಿರಲಿಲ್ಲ, ಅದನ್ನು ಓದಬಲ್ಲ ಓದುಗ ಹೊರಟುಹೋಗಿದ್ದ. ಹಳಗನ್ನಡ ಬಾರದವನು ಪಂಪನಲ್ಲಿ ರಸವಿಲ್ಲವೆಂದು ಹೇಳಿದರೆ ತರಗತಿಯಲ್ಲಿ ನಗುವ ನಾನು, ಗಿಂಡಿಯ ಭಾಷೆ ಬಾರದೆ ಗಿಂಡಿಯನ್ನು ನಿರರ್ಥಕವೆಂದು ತೀರ್ಮಾನಿಸಿದ್ದೆ.

ಪೂರ್ವಪಕ್ಷವನ್ನು ಕೇಳದೆ ತೀರ್ಪು ಹೇಳಬಾರದು. ನನ್ನ ಸ್ನೇಹಿತರಾದ ಒಬ್ಬ ಎಂಜಿನಿಯರ್ ಈ ಮಾತುಗಳನ್ನು ಕೇಳಿ ನಕ್ಕರು. ಗಿಂಡಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ. ರಸ್ತೆಯಲ್ಲಿ ಆಗ ಜಟಕಾಗಾಡಿ ಓಡುತ್ತಿತ್ತು, ಈಗ ಲಾರಿ ಓಡುತ್ತದೆ, ಕಿಟಕಿ ತೆರೆದರೆ ಉಪನ್ಯಾಸ ಕೇಳುವುದಿಲ್ಲ. ಏರ್ ಕಂಡಿಷನರ್ ಹಾಕುವುದೆಂದಾದ ಮೇಲೆ ಹದಿನೆಂಟಡಿ ಎತ್ತರದ ಗಾಳಿಯನ್ನೆಲ್ಲ ತಣ್ಣಗೆ ಮಾಡುವುದು ದಂಡ, ಆದ್ದರಿಂದ ಚಾವಣಿ ತಗ್ಗಿಸುವುದು ಲೆಕ್ಕಕ್ಕೆ ಸರಿ. ಇದು ಅವರ ವಾದ. ಇದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಪಾರಿವಾಳಕ್ಕೆ ತಂತಿಯ ಬಲೆ ಸಾಕು. ಲಾರಿಯ ಸದ್ದಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ರಸ್ತೆಯ ಕಡೆಯ ಕಿಟಕಿಗೆ ಒಳಗಿನಿಂದ ಎರಡನೆಯ ಗಾಜಿನ ರೆಕ್ಕೆ ಇಟ್ಟು ಅಂಗಳದ ಕಡೆಯದನ್ನು ತೆರೆದಿಡುವುದು ಒಂದು ದಾರಿ. ಮೂರನೆಯ ವಾದ ಮಾತ್ರ ವಿಚಿತ್ರವಾದುದು. ಯಂತ್ರ ಬರುವುದೆಂದು ಮೊದಲೇ ತೀರ್ಮಾನಿಸಿ, ಯಂತ್ರಕ್ಕೆ ಅನುಕೂಲವಾಗಲೆಂದು ಚಾವಣಿ ತಗ್ಗಿಸಿದರು. ಚಾವಣಿ ತಗ್ಗಿದ್ದರಿಂದ ಗಿಂಡಿ ಮುಚ್ಚಿ ಯಂತ್ರವಿಲ್ಲದೆ ಕೂಡುವುದೇ ಅಸಾಧ್ಯವಾಯಿತು. ಮೊದಲು ಪ್ರಕ್ಷೇಪವನ್ನು ಸೇರಿಸಿ, ಆಮೇಲೆ ಅದಕ್ಕೆ ಹೊಂದುವಂತೆ ಮೂಲದ ಪದ್ಯಗಳನ್ನು ತಿದ್ದುವ ಲಿಪಿಕಾರನ ಕೆಲಸ ಇದು.

ಹಾಗಾದರೆ ಹಳೆಯ ಕಟ್ಟಡಗಳಲ್ಲಿ ಶಕ್ತಿಯ ಉಳಿತಾಯಕ್ಕೆ ಏನೂ ಮಾಡಬಾರದೆ? ಮಾಡಬೇಕು, ಮಾಡಿದವರೂ ಇದ್ದಾರೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದು. ಅದರ ನವೀಕರಣವನ್ನು 2009ರಲ್ಲಿ ಸಾರಿದಾಗ ಶೇಕಡಾ 38ರಷ್ಟು ಶಕ್ತಿಯ ಉಳಿತಾಯ ಅದರ ಗುರಿಯಾಗಿತ್ತು. ಅಲ್ಲಿನ ಸುಮಾರು 6,500 ಕಿಟಕಿಗಳನ್ನು ಅವರು ಎಸೆಯಲಿಲ್ಲ. ಕಟ್ಟಡದೊಳಗೇ ಒಂದು ಕಾರ್ಖಾನೆ ಇಟ್ಟು, ಇದ್ದ ಗಾಜನ್ನೇ ಬಿಚ್ಚಿ ನಡುವೆ ಒಂದು ಪದರ ಸೇರಿಸಿ ಮತ್ತೆ ಕೂಡಿಸಿದರು. ಸ್ಕಾಟ್ಲೆಂಡಿನಲ್ಲಿ 2008ರಲ್ಲಿ ಹಳೆಯ ಕಿಟಕಿಗಳನ್ನು ಪರೀಕ್ಷಿಸಿ ನೋಡಿದಾಗ, ಮರದ ಒಳರೆಕ್ಕೆಗಳನ್ನು ಮುಚ್ಚಿದರೆ ಸಾಕು, ಗಾಜಿನ ಮೂಲಕ ಹೋಗುವ ಶಾಖ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಕಂಡಿತು. ಮಾರಿಸ್ ಕಟ್ಟಿದ ಸಂಘ ಈ ಶತಮಾನದಲ್ಲಿ ಹಳೆಯ ಗೋಡೆಗಳಿಗೆ ಅಳತೆಯ ಉಪಕರಣಗಳನ್ನಿಟ್ಟು ನೋಡಿದಾಗ, ಬಹುಪಾಲು ಗೋಡೆಗಳು ಸೂತ್ರದ ಲೆಕ್ಕ ಹೇಳುವುದಕ್ಕಿಂತ ಚೆನ್ನಾಗಿ ಶಾಖವನ್ನು ಹಿಡಿದಿಡುತ್ತವೆಂದು ತಿಳಿದುಬಂದಿತು. ಅಂದರೆ ಹಳೆಯ ಗೋಡೆಯ ಮೇಲಿನ ಆರೋಪದಲ್ಲಿ ಅರ್ಧ, ಅಳೆಯದೆ ಹೊರಿಸಿದ್ದು. ಅತ್ಯುತ್ಸಾಹದಿಂದ ಒಳಗೋಡೆಗೆ ದಪ್ಪ ಹೊದಿಕೆ ಹೊದಿಸಿದ ಕಡೆ ತೇವ ಸಿಕ್ಕಿಬಿದ್ದು ತೊಲೆಗಳ ತುದಿ ಕೊಳೆಯುವ ಅಪಾಯವಿದೆಯೆಂದೂ ಅಲ್ಲಿಯವರೇ ಎಚ್ಚರಿಸುತ್ತಾರೆ.

ಆದರೆ ಈ ಪರದೇಶದ ಉದಾಹರಣೆಗಳನ್ನು ಹಾಗೆಯೇ ತಂದು ಇಲ್ಲಿ ನಾಟಬಾರದು. ಅವರದು ಚಳಿಯೊಡನೆ ಯುದ್ಧ, ನಮ್ಮದು ಬಿಸಿಲಿನೊಡನೆ. ಅವರಿಗೆ ಗಾಳಿ ನುಸುಳುವ ಸಂದು ಶತ್ರು, ನಮಗೆ ಅದೇ ಮಿತ್ರ. ನಮ್ಮ ನಾಡಿನಲ್ಲೇ ಒಂದು ಸೀಮೆಯ ಮಾರ್ಗ ಇನ್ನೊಂದಕ್ಕೆ ಸಲ್ಲದು. ರಾಯಚೂರು, ವಿಜಯಪುರಗಳ ಮಣ್ಣಿನ ಮಾಳಿಗೆ ಕಿಟಕಿಯನ್ನು ಕಡಮೆ ಮಾಡಿ, ಮೇಲಿನ ಗವಾಕ್ಷಿಯಿಂದ ಬೆಳಕು ತಂದು, ಒಣ ಬಿಸಿಲನ್ನು ದೂರವಿಡುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಧಗೆ. ಅಲ್ಲಿ ದಪ್ಪ ಗೋಡೆಯ ರಾತ್ರಿಯ ವಿಶ್ರಾಂತಿ ಅಷ್ಟಾಗಿ ನಡೆಯದು. ಆದ್ದರಿಂದ ಚಾಚಿದ ಸೂರು, ಸಂದಿನಿಂದ ಉಸಿರಾಡುವ ಹೆಂಚಿನ ಮಾಡು. ಆ ಹೆಂಚೂ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದ ಹೊಸ ವಸ್ತುವೇ. ಅದು ನಾಡಿಗೆ ಒಗ್ಗಿತು, ನಾಡು ಅದಕ್ಕೆ ಒಗ್ಗಿತು. ಹೊಸತಾದ ಮಾತ್ರಕ್ಕೆ ನಾನು ಯಾವುದನ್ನೂ ಬೇಡವೆನ್ನುವವನಲ್ಲ. ಮಲೆನಾಡಿನ ತೊಟ್ಟಿಮನೆಗೆ ಇನ್ನೊಂದು ವ್ಯಾಕರಣ. ಈ ವ್ಯಾಕರಣಗಳನ್ನು ಕಲಿಯದೆ ಎಲ್ಲಕ್ಕೂ ಒಂದೇ ಗಾಜು, ಒಂದೇ ಸಿಮೆಂಟು, ಒಂದೇ ಯಂತ್ರ ಹಾಕುವುದು ಸುಧಾರಣೆಯಲ್ಲ, ಅನೌಚಿತ್ಯ.

ಗ್ರಂಥಸಂಪಾದನೆ ಒಂದು ಶಾಸ್ತ್ರವೆಂದು ನಮಗೆ ಕನ್ನಡದಲ್ಲಿ ಕಲಿಸಿದವರು ಡಿ. ಎಲ್. ನರಸಿಂಹಾಚಾರ್ಯರು, ಅವರ ‘ಕನ್ನಡ ಗ್ರಂಥಸಂಪಾದನೆ’ ಹೊರಬಂದದ್ದು 1964ರಲ್ಲಿ. ಆ ಶಿಸ್ತಿನಲ್ಲಿ ಬೆಳೆದವನಾಗಿ, ಹಳೆಯ ಕಟ್ಟಡದ ಸಂಪಾದಕರಿಗೂ ಸಲ್ಲಬಹುದಾದ ಕೆಲವು ನಿಯಮಗಳನ್ನು ಹೇಳುವ ಧೈರ್ಯ ಮಾಡುತ್ತೇನೆ.

ಅರ್ಥವಾಗದ ಪಾಠವನ್ನು ತಪ್ಪು ಪಾಠವೆಂದು ಹೊಡೆದುಹಾಕಬಾರದು ಎಂಬುದು ಮೊದಲನೆಯದು. ಸುಲಭವಾದ ಪಾಠಕ್ಕಿಂತ ಕ್ಲಿಷ್ಟವಾದ ಪಾಠವೇ ಅನೇಕ ವೇಳೆ ಕವಿಯದು. ಹಾಗೆಯೇ ಕಟ್ಟಡದಲ್ಲಿ ಯಾವ ಗಿಂಡಿ, ಯಾವ ಹಗ್ಗ, ಯಾವ ಜಾಲಂಧ್ರ ನಮಗೆ ವ್ಯರ್ಥವೆಂದು ತೋರುತ್ತದೆಯೋ ಅದನ್ನು ಒಂದು ವರ್ಷದ ಮಟ್ಟಿಗೆ, ಬೇಸಗೆ ಮಳೆ ಚಳಿಗಳಲ್ಲಿ, ಬಳಸಿ ನೋಡಬೇಕು. ಒಂದು ಉಷ್ಣಮಾಪಕ, ಒಂದು ನೋಟ್ ಪುಸ್ತಕ, ಒಬ್ಬ ಹಳೆಯ ಜವಾನ: ಇಷ್ಟು ಸಾಮಗ್ರಿಯಿಂದ ಕೆಲಸ ಪ್ರಾರಂಭವಾಗಬೇಕು, ಬಣ್ಣದ ಚಿತ್ರದಿಂದಲ್ಲ.

ಕೆಟ್ಟಿದ್ದನ್ನು ಅದರ ಜಾತಿಯ ವಸ್ತುವಿನಿಂದಲೇ ಸರಿಪಡಿಸಬೇಕೆಂಬುದು ಎರಡನೆಯ ನಿಯಮ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ ಗಾರೆ ಅರೆಯುವುದನ್ನು ಬಲ್ಲ ಮೇಸ್ತ್ರಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಿಗೆ ಕೆಲಸ ಕೊಡದಿದ್ದರೆ ಮುಂದಿನ ತಲೆಗೆ ಇರುವುದಿಲ್ಲ. ಇದು ಬರಿಯ ಭಾವುಕತೆಯಲ್ಲ. ಸಿಮೆಂಟಿಗೆ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಕಾವು ಬೇಕು, ಸುಣ್ಣಕ್ಕೆ 900ರ ಆಸುಪಾಸು. ಸುಣ್ಣ ಗೋಡೆಯ ಮೇಲೆ ಗಟ್ಟಿಯಾಗುವಾಗ, ಕಲ್ಲು ಸುಡುವಾಗ ಬಿಟ್ಟ ಇಂಗಾಲದ ಅನಿಲದಲ್ಲಿ ಒಂದು ಪಾಲನ್ನು ಮರಳಿ ಹೀರುತ್ತದೆ. ಇರುವ ಕಟ್ಟಡವೇ ಎಲ್ಲಕ್ಕಿಂತ ಹಸಿರು ಕಟ್ಟಡ ಎಂಬ ಅರ್ಥದ ಮಾತನ್ನು ಕಾರ್ಲ್ ಎಲಿಫಾಂಟೆ ಎಂಬ ಅಮೆರಿಕದ ವಾಸ್ತುಶಿಲ್ಪಿ 2007ರಲ್ಲಿ ಆಡಿದ್ದು ಈ ಲೆಕ್ಕದಿಂದಲೇ. ಇಟ್ಟಿಗೆ ಸುಟ್ಟ ಸೌದೆ, ಮರ ಸಾಗಿಸಿದ ಎತ್ತಿನ ದುಡಿಮೆ ನೂರು ವರ್ಷದ ಕೆಳಗೇ ಖರ್ಚಾಗಿದೆ. ಕೆಡವಿದರೆ ಅದೂ ಹೋಯಿತು, ಹೊಸದರ ಖರ್ಚೂ ಬಂದಿತು.

ಸಂಪಾದಕನ ಊಹೆ ಮೂಲದಲ್ಲಿ ಬೆರೆಯಬಾರದೆಂಬುದು ಮೂರನೆಯದು. ಒಳ್ಳೆಯ ಸಂಪಾದಕ ತನ್ನ ಊಹಾಪಾಠವನ್ನು ಕಂಸದಲ್ಲಿ ಇಡುತ್ತಾನೆ. ಮುಂದೆ ಬೇರೊಂದು ಓಲೆಪ್ರತಿ ಸಿಕ್ಕಿದರೆ ತೆಗೆಯಬಹುದು. ಕಟ್ಟಡಕ್ಕೆ ಸೇರಿಸುವುದೂ ಹಾಗೆಯೇ ತೆಗೆಯಬರುವಂತಿರಲಿ. ಹಳೆಯ ಫ್ಯಾನಿನ ಬದಲು 30 ವಾಟಿನ ಹೊಸ ಫ್ಯಾನು ತೂಗುಹಾಕಿದರೆ ಗೋಡೆಗೆ ಗಾಯವಾಗುವುದಿಲ್ಲ. ಹದಿನಾರಕ್ಕೆ 480 ವಾಟ್ ಆಯಿತು. ದೀಪಗಳನ್ನು ಎಲ್.ಇ.ಡಿ.ಗೆ ಬದಲಿಸುವುದು, ತಾರಸಿಯ ಒಡೆದ ಬಿಲ್ಲೆಗಳನ್ನು ಮತ್ತೆ ಹಾಸಿ ಬೇಸಗೆಗೆ ಮುಂಚೆ ಸುಣ್ಣ ಬಳಿದು ಬಿಸಿಲನ್ನು ಹಿಂದಕ್ಕೆ ಕಳಿಸುವುದು, ಪಶ್ಚಿಮದ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು, ಎಲ್ಲವೂ ಕಂಸದೊಳಗಿನ ಮಾತುಗಳೇ.

ಯಂತ್ರ ಕೊನೆಗೆ ಬರಲಿ, ಬೇಕಾದ ಕಡೆ ಮಾತ್ರ ಬರಲಿ ಎಂಬುದು ಕಡೆಯ ನಿಯಮ. ಗಾಳಿಯಾಡುವ ಕಟ್ಟಡದಲ್ಲಿ ಇರುವವರು ಮುಚ್ಚಿದ ಕೋಣೆಯಲ್ಲಿರುವವರಿಗಿಂತ ಹೆಚ್ಚಿನ ಉಷ್ಣತೆಯನ್ನು ಸುಖವಾಗಿ ತಾಳಬಲ್ಲರೆಂಬ ತತ್ತ್ವವನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಒಪ್ಪಿದೆ. ನಮ್ಮ ಅಜ್ಜಿಯರಿಗೆ ಇದು ಸಂಹಿತೆ ಓದದೆಯೇ ತಿಳಿದಿತ್ತು.

ಪುಸ್ತಕ ಭಂಡಾರಕ್ಕೆ ಬರುತ್ತೇನೆ. ಅದು ಸಭಾಂಗಣದ ತಮ್ಮ. ಅದೇ ಗೋಡೆ, ಅದೇ ತಾರಸಿ, ಅದೇ ಗಿಂಡಿ. ಅದರ ಮೂಲೆಯ ಕೋಣೆಯಲ್ಲಿ ಎರಡು ಬೀರು ಓಲೆಗರಿಗಳೂ ಕೆಲವು ಕೈಬರಹದ ಕಾಗದದ ಪ್ರತಿಗಳೂ ಇವೆ. ಅವಕ್ಕೆ ತೇವವೂ ಬಿಸಿಯೂ ಏರಿಳಿಯದ ಒಂದು ಹದ ಬೇಕು; ಆ ಒಂದು ಸಣ್ಣ ಕೋಣೆಗೆ ಯಂತ್ರ ಬರಲಿ, ನಾನೇ ಕೇಳುತ್ತೇನೆ. ಉಳಿದ ದೊಡ್ಡ ಓದುಮನೆಗೆ ಗಾಜು ಬೇಡ, ಸುಳ್ಳು ಚಾವಣಿ ಬೇಡ, ಸಿಮೆಂಟು ಬೇಡ. ಅದೇ ಗುತ್ತಿಗೆದಾರರು ಅದೇ ಬಣ್ಣದ ಚಿತ್ರವನ್ನು ಮತ್ತೆ ತಂದಿದ್ದಾರೆ. ಸಮಿತಿಯಲ್ಲಿ ನನ್ನದು ಒಂದೇ ಮತ. ಸೋಲಬಹುದು. ಹಿಂದಿನ ಸಲ ಐವರೂ ಒಂದೇ ಮನಸ್ಸಿನಿಂದ ರುಜು ಹಾಕಿದ್ದೆವು. ಈ ಸಲ ಭಿನ್ನಮತದ ಒಂದು ಟಿಪ್ಪಣಿಯಾದರೂ ಕಡತದಲ್ಲಿ ಉಳಿಯಲಿ. ಮುಂದೆ ಯಾರಾದರೂ ಆ ಕಟ್ಟಡದ ಮೂಲಪಾಠವನ್ನು ಹುಡುಕುತ್ತ ಬಂದರೆ ಅವರಿಗೆ ಅದು ಅಡಿಟಿಪ್ಪಣಿಯಾದೀತು.

ಹಾಗೆ ಬರೆದು ಸುಮ್ಮನಾಗುವುದು ಮೇಷ್ಟ್ರುಗಳ ಅಭ್ಯಾಸ ಎಂದು ಯಾರಾದರೂ ಹಾಸ್ಯ ಮಾಡಿಯಾರು. ಆದ್ದರಿಂದ ಇನ್ನೊಂದು ಸಣ್ಣ ಕೆಲಸವನ್ನೂ ಮಾಡಿದ್ದೇನೆ. ಕಳೆದ ಶನಿವಾರ ಪೇಟೆಗೆ ಹೋಗಿ ಓದುಮನೆಯ ಹನ್ನೆರಡು ಗಿಂಡಿಗಳಿಗೆ ಸಾಲುವಷ್ಟು ಹುರಿಹಗ್ಗ ತಂದೆ. ಹಳೆಯ ಜವಾನರು ಮೊಮ್ಮಗನನ್ನು ಕರೆದುಕೊಂಡು ಬಂದು ಏಣಿ ಹತ್ತಿಸಿ, ಯಾವ ರಾಟೆಗೆ ಯಾವ ಹಗ್ಗ ಎಂದು ಕೆಳಗಿನಿಂದ ಹೇಳಿಕೊಟ್ಟರು. ಈಗ ದಿನವೂ ಸಂಜೆ ಗಿಂಡಿಗಳು ತೆರೆಯುತ್ತವೆ. ಗೋಡೆಗೆ ಒಂದು ಉಷ್ಣಮಾಪಕ ತೂಗುಹಾಕಿ ದಿನಕ್ಕೆ ಮೂರು ಸಲ ಬರೆದಿಡುತ್ತಿದ್ದೇನೆ. ಸಭೆಯ ದಿನ ಬಣ್ಣದ ಚಿತ್ರದ ಪಕ್ಕದಲ್ಲಿ ಆ ನೋಟ್ ಪುಸ್ತಕವನ್ನೂ ಇಡುವೆನು.